ಕನ್ವೆನ್ಷನ್ ಸಾಕು, ಎಲೆ ಎಣಿಸಲು ಶುರು ಮಾಡಿ

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ ಬ್ರಿಡ್ಜ್ ಅನ್ನುವ ಇಸ್ಪೀಟ್ ಆಟ ಕಲಿತೆ. ಈಗ ನಾಲ್ಕು ವರ್ಷವಾಯಿತು. ಕಾಲೇಜಿನಲ್ಲಿದ್ದಾಗ ಇಪ್ಪತ್ತೆಂಟು ಅನ್ನುವ ಇಸ್ಪೀಟ್ ಆಟ ಚೆನ್ನಾಗಿ ಆಡುತ್ತಿದ್ದೆ. ವಾರಕ್ಕೆ ಎರಡು ದಿನ ಕ್ಲಬ್‌ಗೆ ಹೋಗಿ ಪೇರ್ಸ್ (ಜೋಡಿಗಳ ಸ್ಪರ್ಧೆ) ಆಡುತ್ತೇನೆ, ಉಳಿದ ದಿನ ಫೋನಿನಲ್ಲಿ ರೋಬಾಟ್ ಜತೆ. ಹತ್ತು ಹನ್ನೆರಡು ಕನ್ವೆನ್ಷನ್ (ಬಿಡ್ಡಿಂಗ್‌ನಲ್ಲಿ, ಅಂದರೆ ಆಟಕ್ಕೆ ಮುಂಚಿನ ಹರಾಜಿನಲ್ಲಿ, ಪಾರ್ಟ್ನರ್ ಜತೆ ಮೊದಲೇ ಒಪ್ಪಿಕೊಂಡ ವಿಶೇಷ ಅರ್ಥದ ಬಿಡ್) ಬರುತ್ತವೆ. ಆದರೂ ಎರಡು ವರ್ಷದಿಂದ ಸ್ಕೋರ್ 45, 48 ಪರ್ಸೆಂಟ್ ಬಿಟ್ಟು ಮೇಲೇಳುತ್ತಿಲ್ಲ. ಹೊಸ ಬಿಡ್ಡಿಂಗ್ ಸಿಸ್ಟಮ್ ಕಲಿಯೋಣ ಅಂತ ಪಾರ್ಟ್ನರ್ ಹೇಳುತ್ತಿದ್ದಾರೆ. ನನಗೆ 64 ವರ್ಷ, ನೆನಪು ಮೊದಲಿನಷ್ಟಿಲ್ಲ. ಇನ್ನೂ ಸುಧಾರಿಸಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಖಂಡಿತ ಸಾಧ್ಯ. ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. 2018ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಗೇಮ್ಸ್‌ಗೆ ಬ್ರಿಡ್ಜ್ ಮೊದಲ ಸಲ ಸೇರಿತು. ಪುರುಷರ ಪೇರ್ಸ್‌ನಲ್ಲಿ ಚಿನ್ನ ಗೆದ್ದವರು ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್. ಆಗ ಬರ್ಧನ್ ಅವರಿಗೆ 60 ವರ್ಷ, ಸರ್ಕಾರ್ ಅವರಿಗೆ 56. ಅವರು ಚಿಕ್ಕಂದಿನಿಂದ ಆಡಿದವರು, ನನಗೂ ಅವರಿಗೂ ಏನು ಹೋಲಿಕೆ ಅನ್ನಬಹುದು ನೀವು. ನಾನು ಹೇಳುವುದು ಇಷ್ಟೇ: ಈ ಆಟಕ್ಕೆ ಬೇಕಾದ ಏಕಾಗ್ರತೆ 60ಕ್ಕೆ ಬತ್ತಿಹೋಗುವುದಿಲ್ಲ. ನೆನಪಿನ ವಿಷಯಕ್ಕೆ ಮುಂದೆ ಬರುತ್ತೇನೆ, ಯಾಕೆಂದರೆ ನೀವು ಅಂದುಕೊಂಡಷ್ಟು ನೆನಪು ಇಲ್ಲಿ ಬೇಕಾಗಿಲ್ಲ.

ಇನ್ನು ನಿಮ್ಮ ಸ್ಕೋರ್. ಪೇರ್ಸ್‌ನಲ್ಲಿ ಹಾಲ್‌ನಲ್ಲಿರುವ ಎಲ್ಲ ಜೋಡಿಗಳ ಸರಾಸರಿ ಯಾವಾಗಲೂ 50. ಅಂದರೆ ನೀವು ಸರಾಸರಿಗಿಂತ ಚೂರು ಕೆಳಗಿದ್ದೀರಿ, ಅಷ್ಟೇ. ಒಂದು ಸಂಜೆಗೆ 24 ಬೋರ್ಡ್ (ಬೋರ್ಡ್ ಅಂದರೆ ಒಂದು ಸಲ ಹಂಚಿದ ಎಲೆಗಳ ಆಟ) ಆಡುತ್ತೀರಿ ಅಂತಿಟ್ಟುಕೊಳ್ಳಿ. ಅದರಲ್ಲಿ ಸೊನ್ನೆ ಬಂದ ಎರಡೇ ಎರಡು ಬೋರ್ಡ್‌ಗೆ ಪೂರ್ತಿ ಅಂಕ ಬಂದಿದ್ದರೆ ಸ್ಕೋರ್ 8 ಪರ್ಸೆಂಟ್ ಏರುತ್ತಿತ್ತು. 46 ಇದ್ದದ್ದು 54 ಆಗುತ್ತಿತ್ತು. ಆಟ ಪೂರ್ತಿ ಬದಲಾಗಬೇಕಿಲ್ಲ. ಸಂಜೆಗೆ ಎರಡು ಬೋರ್ಡ್ ಉಳಿಸಿಕೊಂಡರೆ ಸಾಕು.

ಆ ಎರಡು ಬೋರ್ಡ್ ಎಲ್ಲಿ ಹೋಗುತ್ತಿವೆ? ನಿಮ್ಮ ಪತ್ರದಲ್ಲೇ ಸುಳಿವಿದೆ. ಎಷ್ಟು ಕನ್ವೆನ್ಷನ್ ಬರುತ್ತವೆ ಅಂತ ಲೆಕ್ಕ ಕೊಟ್ಟಿದ್ದೀರಿ. ಆಡುವಾಗ ಎದುರಾಳಿಯ ಕೈಯಲ್ಲಿ ಯಾವ ಸೂಟ್‌ನ ಎಷ್ಟು ಎಲೆ ಇವೆ ಅಂತ ಎಣಿಸುತ್ತೇನೆ ಅನ್ನುವ ಮಾತು ಎಲ್ಲೂ ಇಲ್ಲ. ಮೂರ್ನಾಲ್ಕು ವರ್ಷ ಆಡಿ ಒಂದೇ ಕಡೆ ನಿಂತುಬಿಟ್ಟವರಲ್ಲಿ ಹೆಚ್ಚಿನವರ ಕಥೆ ಇದೇ. ಬಿಡ್ಡಿಂಗ್ ಕಲಿಯುವುದು ಸುಲಭ: ಪಟ್ಟಿ ಇರುತ್ತದೆ, ಕಲಿತದ್ದು ಗೊತ್ತಾಗುತ್ತದೆ, ಮಾರನೇ ದಿನವೇ ಬಳಸಬಹುದು. ಎಣಿಸುವುದು ನಿಧಾನ. ಕಲಿತದ್ದು ಯಾರಿಗೂ ಕಾಣುವುದೂ ಇಲ್ಲ. ಹಾಗಾಗಿ ಎಲ್ಲರೂ ಬಿಡ್ಡಿಂಗ್ ಕಡೆಗೇ ಓಡುತ್ತಾರೆ.

ಎಣಿಸಿದರೆ ಏನು ಸಿಗುತ್ತದೆ ಅಂತ ಒಂದು ಬೋರ್ಡ್ ಇಟ್ಟುಕೊಂಡೇ ನೋಡೋಣ. ಕ್ಲಬ್ಸ್ ಸೂಟ್‌ಗೆ ಕಳಾವರ್ ಅಂತ ಬರೆಯುತ್ತೇನೆ, ನೀವು ಆಡಲು ಹೋಗುವ ಕ್ಲಬ್ ಜತೆ ಕಲಸಿಹೋಗದಿರಲಿ. ಸಾಧ್ಯವಾದರೆ ಒಂದು ಕಟ್ಟು ಎಲೆ ತೆಗೆದು ಮೇಜಿನ ಮೇಲೆ ಹಾಕಿಕೊಂಡು ಓದಿ. ಡಮ್ಮಿ ಅಂದರೆ ಮೇಜಿನ ಮೇಲೆ ಬಿಚ್ಚಿಟ್ಟ ನಿಮ್ಮ ಪಾರ್ಟ್ನರ್ ಕೈ, ಅದನ್ನೂ ನೀವೇ ಆಡುತ್ತೀರಿ.

ಡಮ್ಮಿ (ಉತ್ತರ)
ಸ್ಪೇಡ್: ರಾಣಿ 8 6 4
ಹಾರ್ಟ್: 7 5
ಡೈಮಂಡ್: ರಾಜ 10 5
ಕಳಾವರ್: ಎಕ್ಕ ರಾಜ 8 4

ನೀವು (ದಕ್ಷಿಣ)
ಸ್ಪೇಡ್: ಎಕ್ಕ ರಾಜ ಗುಲಾಮ 10 5
ಹಾರ್ಟ್: 8 4
ಡೈಮಂಡ್: ಎಕ್ಕ ಗುಲಾಮ 6
ಕಳಾವರ್: 7 3 2

ಎಲೆ ಹಂಚಿದವರು ಪಶ್ಚಿಮ. ಅವರು ಮೂರು ಹಾರ್ಟ್ ಅಂದರು. ನಿಮ್ಮ ಪಾರ್ಟ್ನರ್ ಡಬಲ್ (ಇಲ್ಲಿ "ನಿಮ್ಮ ಸೂಟ್ ಹೇಳಿ" ಅಂತ ಅರ್ಥ) ಹೇಳಿದರು, ಪೂರ್ವ ಪಾಸ್, ನೀವು ನಾಲ್ಕು ಸ್ಪೇಡ್. ಅಂದರೆ ಸ್ಪೇಡ್ ತುರುಫಿನಲ್ಲಿ ಹತ್ತು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುವ ಕಾಂಟ್ರಾಕ್ಟ್. ಎಲ್ಲರೂ ಪಾಸ್. ಪಶ್ಚಿಮ ಹಾರ್ಟ್ ಎಕ್ಕ ಹಾಕಿದರು, ಆಮೇಲೆ ಹಾರ್ಟ್ ರಾಜ. ಪೂರ್ವದಿಂದ ಗುಲಾಮ, ರಾಣಿ ಬಿದ್ದವು. ಮೂರನೇ ಟ್ರಿಕ್‌ಗೆ ಪಶ್ಚಿಮ ಕಳಾವರ್ ಗುಲಾಮಕ್ಕೆ ತಿರುಗಿದರು. ಡಮ್ಮಿಯ ಎಕ್ಕದಲ್ಲಿ ಗೆದ್ದಿರಿ.

ಈಗ ಸೋಲುವ ಟ್ರಿಕ್‌ ಲೆಕ್ಕ ಹಾಕಿ. ಹಾರ್ಟ್ ಎರಡು ಹೋದವು. ಕಳಾವರ್ ಒಂದು ಹೇಗೂ ಹೋಗುತ್ತದೆ. ಅಲ್ಲಿಗೆ ಮೂರು. ಡೈಮಂಡ್‌ನಲ್ಲಿ ಒಂದೂ ಬಿಡುವ ಹಾಗಿಲ್ಲ. ಡೈಮಂಡ್ ರಾಣಿಯನ್ನು ಯಾವ ಕಡೆಯಿಂದ ಬೇಕಾದರೂ ಫಿನೆಸ್ ಮಾಡಬಹುದು (ಎದುರಾಳಿಯ ದೊಡ್ಡ ಎಲೆ ಅನುಕೂಲದ ಕೈಯಲ್ಲಿದೆ ಅಂತ ನಂಬಿ, ಅದಕ್ಕಿಂತ ಸಣ್ಣ ಎಲೆಯಲ್ಲೇ ಟ್ರಿಕ್ ಗೆಲ್ಲಲು ನೋಡುವುದೇ ಫಿನೆಸ್). ಅದು ಪಶ್ಚಿಮದಲ್ಲಿದ್ದರೆ ಗುಲಾಮ ಹಾಕಿ ಡಮ್ಮಿ ಕಡೆ ಓಡಿಸಬೇಕು, ಪೂರ್ವದಲ್ಲಿದ್ದರೆ ಡಮ್ಮಿಯಿಂದ ನಿಮ್ಮ ಎಕ್ಕ ಗುಲಾಮದ ಕಡೆಗೆ ಆಡಬೇಕು. ತಪ್ಪಿದರೆ ಕಾಂಟ್ರಾಕ್ಟ್ ಹೋಯಿತು.

ಇಲ್ಲಿ ಬಹಳ ಜನ ಒಂದು ಕ್ಷಣ ಯೋಚಿಸಿ, "ಬಿಡ್ ಹೇಳಿದವರು ಪಶ್ಚಿಮ, ಪಾಯಿಂಟ್ ಅವರ ಹತ್ತಿರವೇ ಜಾಸ್ತಿ, ರಾಣಿಯೂ ಅಲ್ಲೇ ಇರಬೇಕು" ಅಂತ ತೀರ್ಮಾನಿಸಿ ಪಶ್ಚಿಮದ ವಿರುದ್ಧ ಫಿನೆಸ್ ಮಾಡುತ್ತಾರೆ. ಇದು ಊಹೆ. ಊಹೆ ಮಾಡುವ ಅಗತ್ಯವೇ ಇಲ್ಲಿಲ್ಲ. ಡೈಮಂಡ್ ಮುಟ್ಟದೆ ಇರಿ. ಮೊದಲು ಬೇರೆ ಮೂರು ಸೂಟ್‌ಗಳ ವಿಚಾರಣೆ ಮುಗಿಸಿ.

ಹಾರ್ಟ್: ನಿಮ್ಮಲ್ಲಿ, ಡಮ್ಮಿಯಲ್ಲಿ ಸೇರಿ ನಾಲ್ಕು. ಹೊರಗೆ ಒಂಬತ್ತು. ಮೂರು ಹಾರ್ಟ್ ಅಂದವರ ಹತ್ತಿರ ಸಾಮಾನ್ಯವಾಗಿ ಏಳು ಇರುತ್ತವೆ. ಪೂರ್ವ ಎರಡು ಸಲ ಹಾರ್ಟ್ ಹಾಕಿದ್ದಾರೆ, ಅದೂ ಗುಲಾಮ, ರಾಣಿ. ಏಳು, ಎರಡು. ಲೆಕ್ಕ ಸರಿಹೋಯಿತು.

ಸ್ಪೇಡ್: ನಿಮ್ಮ ಕಡೆ ಒಂಬತ್ತು, ಹೊರಗೆ ನಾಲ್ಕು. ತುರುಫು ಎಳೆಯಿರಿ. ಎರಡನೇ ಸುತ್ತಿಗೇ ಪಶ್ಚಿಮ ಒಂದು ಹಾರ್ಟ್ ಬಿಸಾಕಿದರು. ಅಂದರೆ ಅವರಲ್ಲಿ ಇದ್ದದ್ದು ಒಂದೇ ಸ್ಪೇಡ್, ಪೂರ್ವದಲ್ಲಿ ಮೂರು. ಮೂರನೇ ಸುತ್ತೂ ಎಳೆದು ಮುಗಿಸಿ.

ಕಳಾವರ್: ಹೊರಗೆ ಆರು. ರಾಜ ಹಾಕಿ. ಪೂರ್ವದಿಂದ ರಾಣಿ ಬಿತ್ತು. ಈಗ ಡಮ್ಮಿಯಿಂದ ಸಣ್ಣ ಕಳಾವರ್ ಆಡಿ, ಬೇಕೆಂದೇ ಸೋಲಿ. ಈ ಬೋರ್ಡ್‌ನ ಜೀವ ಇರುವುದು ಇಲ್ಲೇ. ಆ ಟ್ರಿಕ್ ಎಂದಿದ್ದರೂ ನಿಮ್ಮದಲ್ಲ. ಕೊನೆಯಲ್ಲಿ ಸೋಲುವ ಬದಲು ಈಗಲೇ ಸೋತರೆ ನಷ್ಟವೇನೂ ಇಲ್ಲ, ಮಾಹಿತಿ ಮಾತ್ರ ಸಿಗುತ್ತದೆ. ಪೂರ್ವ ಈ ಸಲ ಕಳಾವರ್ ಹಾಕಲಿಲ್ಲ, ಒಂದು ಡೈಮಂಡ್ ಬಿಸಾಕಿದರು. ಅಂದರೆ ಪೂರ್ವದಲ್ಲಿ ಎರಡು ಕಳಾವರ್, ಪಶ್ಚಿಮದಲ್ಲಿ ನಾಲ್ಕು.

ಕೂಡಿಸಿ. ಪಶ್ಚಿಮದ ಹತ್ತಿರ ಏಳು ಹಾರ್ಟ್, ಒಂದು ಸ್ಪೇಡ್, ನಾಲ್ಕು ಕಳಾವರ್. ಹನ್ನೆರಡಾಯಿತು. ಉಳಿದದ್ದು ಒಂದೇ ಒಂದು ಡೈಮಂಡ್.

ಇನ್ನು ಊಹೆ ಎಲ್ಲಿದೆ? ಟ್ರಿಕ್ ಗೆದ್ದ ಪಶ್ಚಿಮ ಮತ್ತೆ ಕಳಾವರ್ ಆಡಿದರು, ನೀವು ತುರುಫಿನಲ್ಲಿ ಕಟ್ ಮಾಡಿದಿರಿ. ಡೈಮಂಡ್ 6 ಆಡಿ ಡಮ್ಮಿಯ ರಾಜನಲ್ಲಿ ಗೆಲ್ಲಿ. ಪಶ್ಚಿಮದ ಆ ಒಂಟಿ ಎಲೆಯೇ ರಾಣಿಯಾಗಿದ್ದರೆ ಅಲ್ಲೇ ಬೀಳುತ್ತದೆ. ಬೀಳಲಿಲ್ಲ, 8 ಬಿತ್ತು. ಹಾಗಾದರೆ ರಾಣಿ ಪೂರ್ವದಲ್ಲಿದೆ, ನೂರಕ್ಕೆ ನೂರು. ಡಮ್ಮಿಯಿಂದ 10 ಆಡಿ. ಪೂರ್ವ ರಾಣಿ ಹಾಕಿದರೆ ಎಕ್ಕದಲ್ಲಿ ಹಿಡಿಯಿರಿ, ಸಣ್ಣದು ಹಾಕಿದರೆ 6 ಹೋಗಿರುವುದರಿಂದ ಗುಲಾಮನನ್ನೇ ಹಾಕಿ. 10 ಆಗಲಿ ಗುಲಾಮ ಆಗಲಿ, ಟ್ರಿಕ್ ನಿಮ್ಮದೇ. ಹತ್ತು ಟ್ರಿಕ್, ಗೇಮ್. ಪಶ್ಚಿಮ ಕಳಾವರ್ ಬದಲು ಹಾರ್ಟ್ ಆಡಿದ್ದರೂ ತೊಂದರೆ ಇರಲಿಲ್ಲ. ಎರಡೂ ಕಡೆ ಹಾರ್ಟ್ ಖಾಲಿ, ಡಮ್ಮಿಯಲ್ಲಿ ಕಟ್ ಮಾಡಿ ಕೈಯಿಂದ ಡೈಮಂಡ್ 6 ಬಿಸಾಕಿದರೆ ರಾಣಿಯ ಗೊಡವೆಯೇ ಇಲ್ಲ.

ಈ ಬೋರ್ಡ್‌ನಲ್ಲಿ ಒಂದೇ ಒಂದು ಕನ್ವೆನ್ಷನ್ ಬೇಕಾಗಲಿಲ್ಲ, ಗಮನಿಸಿದಿರಾ? ಒಂದು ಟೇಕೌಟ್ ಡಬಲ್, ಅಷ್ಟೇ. ಬೇಕಾದದ್ದು ಹದಿಮೂರರವರೆಗಿನ ಕೂಡುವ, ಕಳೆಯುವ ಲೆಕ್ಕ. ಬ್ಯಾಂಕಿನಲ್ಲಿ ಇಡೀ ಜೀವನ ಲೆಕ್ಕ ಮಾಡಿದವರಿಗೆ ಇದು ಕಷ್ಟವಾಗಬಾರದು.

ಈಗ ನೆನಪಿನ ಮಾತು. ಎಣಿಸುವುದು ಅಂದರೆ 52 ಎಲೆಯನ್ನೂ ನೆನಪಿಟ್ಟುಕೊಳ್ಳುವುದು ಅಂತ ನಿಮ್ಮ ಮನಸ್ಸಿನಲ್ಲಿ ಇರಬಹುದು. ಹಾಗಲ್ಲ. ಡಮ್ಮಿ ಕೆಳಗೆ ಬಂದ ಕೂಡಲೇ 26 ಎಲೆ ನಿಮ್ಮ ಕಣ್ಣೆದುರಿಗೇ ಇರುತ್ತವೆ. ಪ್ರತಿ ಸೂಟ್‌ನಲ್ಲಿ ಹೊರಗೆ ಎಷ್ಟಿವೆ ಅನ್ನುವ ಒಂದು ಸಂಖ್ಯೆ ಇಟ್ಟುಕೊಳ್ಳಿ, ಬಿದ್ದ ಹಾಗೆ ಕಳೆಯುತ್ತಾ ಹೋಗಿ. ಇಪ್ಪತ್ತೆಂಟು ಆಡುವಾಗ ಎಂಟು ಎಲೆಯ ಸೂಟ್‌ನಲ್ಲಿ ತುರುಫು ಎಷ್ಟು ಹೊರಗಿದೆ ಅಂತ ನಿಮಗೆ ತನ್ನಿಂದ ತಾನೇ ಗೊತ್ತಾಗುತ್ತಿತ್ತಲ್ವಾ? ಅದೇ ಅಭ್ಯಾಸ, ಇಲ್ಲಿ ಹದಿಮೂರಕ್ಕೆ ಹಿಗ್ಗಬೇಕು.

ಇನ್ನೊಂದು ಸಹಾಯವಿದೆ. ಹದಿಮೂರು ಎಲೆಯ ಕೈ ನಾಲ್ಕು ಸೂಟ್‌ಗೆ ಹೇಗೆ ಒಡೆಯುತ್ತದೆ ಅನ್ನುವುದರಲ್ಲಿ ಕೆಲವು ಆಕಾರಗಳು ಮತ್ತೆ ಮತ್ತೆ ಬರುತ್ತವೆ. 4-4-3-2 ಸುಮಾರು 21.5 ಪರ್ಸೆಂಟ್, 5-3-3-2 ಸುಮಾರು 15.5, 5-4-3-1 ಸುಮಾರು 13, 5-4-2-2 ಮತ್ತು 4-3-3-3 ತಲಾ ಹತ್ತೂವರೆ. ಈ ಐದೇ ಸೇರಿದರೆ ನೂರರಲ್ಲಿ ಎಪ್ಪತ್ತು ಕೈ. ಇವು ಬಾಯಿಗೆ ಬಂದುಬಿಟ್ಟರೆ ಕೂಡುವ ಕೆಲಸವೂ ಇಲ್ಲ. 5, 3, 1 ಅಂದ ಕೂಡಲೇ 4 ಅಂತ ನಾಲಗೆಗೆ ಬರಬೇಕು. 6, 2, 2 ಅಂದರೆ 3. ಬಸ್ಸಿನಲ್ಲಿ ಕೂತಾಗ, ವಾಕಿಂಗ್ ಹೋದಾಗ ಇದನ್ನು ಮಾಡಿ. ಮೊಮ್ಮಕ್ಕಳಿದ್ದರೆ ಮೂರು ಅಂಕಿ ಅವರು ಹೇಳಲಿ, ನಾಲ್ಕನೆಯದು ನೀವು ಹೇಳಿ.

ಮೇಜಿನ ಮುಂದೆ ಮಾತ್ರ ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ, ತಲೆ ಕೆಡುತ್ತದೆ. ಮೊದಲ ಕೆಲವು ವಾರ ತುರುಫು ಒಂದನ್ನೇ ಎಣಿಸಿ, ಆದರೆ ಪ್ರತಿ ಬೋರ್ಡ್‌ನಲ್ಲೂ ಎಣಿಸಿ, ಡಿಫೆನ್ಸ್‌ನಲ್ಲಿದ್ದಾಗಲೂ (ಎದುರಾಳಿಯ ಕಾಂಟ್ರಾಕ್ಟ್ ಬೀಳಿಸಲು ಆಡುವಾಗಲೂ). ಆಮೇಲೆ ಮೊದಲು ಲೀಡ್ ಆದ (ಆಟದ ಮೊದಲ ಎಲೆಯಾಗಿ ಬಿದ್ದ) ಸೂಟ್ ಸೇರಿಸಿ. ಆ ಎರಡು ಸೂಟ್ ಶ್ರಮವಿಲ್ಲದೆ ಬರುವ ಹೊತ್ತಿಗೆ ಮೂರನೆಯದು ತಾನೇ ಬರುತ್ತದೆ. ಮಧ್ಯೆ ಕೆಲವು ದಿನ ಆಟ ಇನ್ನೂ ಕೆಟ್ಟ ಹಾಗೆ ಅನ್ನಿಸಬಹುದು. ಎಣಿಸುವುದರಲ್ಲಿ ಮುಳುಗಿ ಬೇರೇನೋ ಮರೆಯುತ್ತೀರಿ. ಆಗ ಬಿಟ್ಟುಬಿಡಬೇಡಿ.

ಎಲೆಯಷ್ಟೇ ಮುಖ್ಯವಾದದ್ದು ಪಾಯಿಂಟ್ ಎಣಿಕೆ. ಕಟ್ಟಿನಲ್ಲಿರುವುದು 40 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1), ಅದಕ್ಕಿಂತ ಒಂದೂ ಹೆಚ್ಚಿಲ್ಲ. ಎದುರಾಳಿ 15-17 ಪಾಯಿಂಟ್ ತೋರಿಸುವ ಒಂದು ನೋ ಟ್ರಂಪ್ (ತುರುಫು ಇಲ್ಲದ ಆಟ) ಹೇಳಿ ಮೂರು ನೋ ಟ್ರಂಪ್‌ನಲ್ಲಿ ನಿಂತಿದ್ದಾರೆ ಅನ್ನಿ. ಡಮ್ಮಿಯಲ್ಲಿ 10, ನಿಮ್ಮಲ್ಲಿ 9. ಉಳಿದದ್ದು 21. ಅದರಲ್ಲಿ ಡಿಕ್ಲೇರರ್‌ದು (ಕಾಂಟ್ರಾಕ್ಟ್ ಆಡುವವರದು) 15ರಿಂದ 17. ಪಾರ್ಟ್ನರ್ ಹತ್ತಿರ 4ರಿಂದ 6, ಅದಕ್ಕಿಂತ ಜಾಸ್ತಿ ಇರಲು ಸಾಧ್ಯವೇ ಇಲ್ಲ. ಒಂದು ಎಕ್ಕ ಇರಬಹುದು, ಇಲ್ಲವೇ ರಾಜ ಮತ್ತು ಗುಲಾಮ. ಎಕ್ಕವೂ ಇದೆ, ರಾಜನೂ ಇದೆ ಅಂತ ನಂಬಿ ಆಡುವ ಡಿಫೆನ್ಸ್ ಗೆಲ್ಲುವುದೇ ಇಲ್ಲ. ಹಾಗೇ ಮೊದಲು ಪಾಸ್ ಹೇಳಿದವರ ಲೆಕ್ಕ. ಪೂರ್ವ ಹಂಚಿ ಪಾಸ್ ಅಂದಿದ್ದಾರೆ. ಆಡುತ್ತಾ ಅವರಿಂದ ಹಾರ್ಟ್ ಎಕ್ಕ ರಾಜ, ಕಳಾವರ್ ಎಕ್ಕ ಬಂದಿವೆ. 11 ಆಯಿತು. ಡೈಮಂಡ್ ರಾಣಿಯೂ ಇದ್ದಿದ್ದರೆ 13 ಆಗಿ ಬಿಡ್ ತೆರೆಯುತ್ತಿದ್ದರು. ಹಾಗಾಗಿ ರಾಣಿ ಪಶ್ಚಿಮದಲ್ಲಿದೆ. ಸುಮ್ನೆ ಪಾಸ್ ಅಂದದ್ದರಲ್ಲೂ ಇಷ್ಟು ಸುದ್ದಿ ಇರುತ್ತದೆ.

ಡಿಫೆನ್ಸ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಸರಾಸರಿ ನೋಡಿದರೆ ನಾಲ್ಕು ಬೋರ್ಡ್‌ನಲ್ಲಿ ಒಂದನ್ನು ನೀವು ಆಡುತ್ತೀರಿ, ಒಂದರಲ್ಲಿ ಡಮ್ಮಿ, ಉಳಿದ ಎರಡರಲ್ಲಿ ಡಿಫೆನ್ಸ್. ಅರ್ಧ ಆಟ ಅಲ್ಲೇ ಇದೆ. ಆದರೆ ನೀವು ಅಭ್ಯಾಸ ಮಾಡುವುದು ರೋಬಾಟ್ ಜತೆ. ಫೋನಿನಲ್ಲಿ ಸಿಗುವ ರೋಬಾಟ್ ಆಟಗಳಲ್ಲಿ ಎಷ್ಟೋ ಕಡೆ ನಾಲ್ಕರಲ್ಲಿ ಅತಿ ಹೆಚ್ಚು ಪಾಯಿಂಟ್ ಇರುವ ಕೈಯನ್ನು ನಿಮಗೇ ಕೊಡುವ ಏರ್ಪಾಡು ಇರುತ್ತದೆ. ಹಾಗಾಗಿ ಕಾಂಟ್ರಾಕ್ಟ್ ಹೆಚ್ಚಾಗಿ ನೀವೇ ಆಡುತ್ತೀರಿ. ಡಿಫೆನ್ಸ್ ಅಪರೂಪಕ್ಕೆ ಬರುತ್ತದೆ. ಬಂದರೂ ಎಲೆಯ ಮೂಲಕ ನೀವು ಕೊಟ್ಟ ಸಿಗ್ನಲ್ ಓದಿ ಮನುಷ್ಯರಂತೆ ಆಡುವುದನ್ನು ರೋಬಾಟ್‌ನಿಂದ ನಿರೀಕ್ಷಿಸಲು ಆಗುವುದಿಲ್ಲ. ನಿಮ್ಮ 46 ಪರ್ಸೆಂಟ್‌ಗೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ರೋಬಾಟ್ ಬಿಡಬೇಕಿಲ್ಲ, ಎಲೆ ಆಡುವ ಕೈಚಳಕಕ್ಕೆ ಅದು ಒಳ್ಳೆಯದೇ. ಆದರೆ ಅಲ್ಲಿ ಆತುರ ಅಭ್ಯಾಸವಾಗುತ್ತದೆ. ಕ್ಲಬ್‌ನಲ್ಲಿ ಒಂದು ಬೋರ್ಡ್‌ಗೆ ಏಳೆಂಟು ನಿಮಿಷ ಸಿಗುತ್ತದೆ, ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಸಿರುತ್ತೀರಿ. ಫೋನಿನಲ್ಲೂ ಮೊದಲ ಟ್ರಿಕ್‌ಗೆ ಡಮ್ಮಿಯಿಂದ ಎಲೆ ಹಾಕುವ ಮುಂಚೆ ಕೈ ಕಟ್ಟಿ ಕೂತು ಟ್ರಿಕ್ ಲೆಕ್ಕ ಹಾಕಿ. ಹೋಗುವ ಕಾಂಟ್ರಾಕ್ಟ್‌ಗಳಲ್ಲಿ ಎಷ್ಟೋ ಮೊದಲ ಟ್ರಿಕ್‌ನಲ್ಲೇ ಹೋಗಿರುತ್ತವೆ.

ಡಿಫೆನ್ಸ್‌ನಲ್ಲಿ ಎಣಿಕೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಹನ್ನೊಂದರ ನಿಯಮ ನೋಡಿ. ನೀವು ಕೇಳಿರುತ್ತೀರಿ, ಆದರೆ ಕ್ಲಬ್‌ನಲ್ಲಿ ಬಳಸುವವರು ಕಡಿಮೆ. ಪಾರ್ಟ್ನರ್ ಉದ್ದದ ಸೂಟ್‌ನಿಂದ ನಾಲ್ಕನೇ ದೊಡ್ಡ ಎಲೆ ಲೀಡ್ ಮಾಡಿದ್ದಾರೆ, ಅದು 7. ಹನ್ನೊಂದರಲ್ಲಿ ಏಳು ಕಳೆದರೆ ನಾಲ್ಕು. ಆ ಸೂಟ್‌ನಲ್ಲಿ 7ಕ್ಕಿಂತ ದೊಡ್ಡ ಎಲೆಗಳು ಉಳಿದ ಮೂರು ಕೈಗಳಲ್ಲಿ ಸೇರಿ ನಾಲ್ಕೇ ಇವೆ. ಡಮ್ಮಿಯಲ್ಲಿ ರಾಜ 9 3, ನಿಮ್ಮಲ್ಲಿ ಎಕ್ಕ ಗುಲಾಮ 4. ರಾಜ, 9, ಎಕ್ಕ, ಗುಲಾಮ: ನಾಲ್ಕೂ ಕಣ್ಣಿಗೆ ಕಾಣುತ್ತಿವೆ. ಅಂದರೆ ಡಿಕ್ಲೇರರ್ ಹತ್ತಿರ 7ಕ್ಕಿಂತ ದೊಡ್ಡದು ಒಂದೂ ಇಲ್ಲ. ಡಮ್ಮಿಯಿಂದ 3 ಬಿದ್ದರೆ ನೀವು ಧೈರ್ಯವಾಗಿ 4 ಹಾಕಿ. ಪಾರ್ಟ್ನರ್ ಹಾಕಿದ 7 ಗೆಲ್ಲುತ್ತದೆ, ಅವರೇ ಮತ್ತೆ ಆ ಸೂಟ್ ಆಡುತ್ತಾರೆ, ಡಮ್ಮಿಯ ರಾಜ ನಿಮ್ಮ ಎಕ್ಕದ ಬಾಯಿಗೆ ಸಿಕ್ಕಿಬೀಳುತ್ತಾನೆ. ಎಣಿಸದೆ ಎಕ್ಕ ಹಾಕಿದ್ದರೆ ಆ ರಾಜ ಟ್ರಿಕ್ ಗೆಲ್ಲುತ್ತಿದ್ದ.

ಎರಡನೇ ಕೆಲಸ, ಆಡಿದ ಬೋರ್ಡ್‌ಗಳನ್ನು ಮತ್ತೆ ನೋಡುವುದು. ಇದನ್ನು ಮಾಡುವವರು ತೀರಾ ಕಡಿಮೆ. ಮಾಡಿದವರ ಆಟ ಕೆಲವೇ ತಿಂಗಳಲ್ಲಿ ಗುರುತು ಸಿಗದಷ್ಟು ಬದಲಾಗುತ್ತದೆ. ಡ್ಯೂಪ್ಲಿಕೇಟ್ ಬ್ರಿಡ್ಜ್‌ನ ದೊಡ್ಡ ವರವೇ ಇದು: ಅದೇ ಎಲೆಗಳನ್ನು ಹಾಲ್‌ನಲ್ಲಿ ಎಲ್ಲರೂ ಆಡಿರುತ್ತಾರೆ, ನಿಮ್ಮ ಫಲಿತಾಂಶ ಯಾಕೆ ಬೇರೆಯಾಯಿತು ಅಂತ ನೋಡಬಹುದು. ಪ್ರತಿ ಸಂಜೆ ಮೂರು ಬೋರ್ಡ್ ಆರಿಸಿ. ಸೊನ್ನೆ ಬಂದ ಒಂದು, ಆಡುವಾಗ ಮನಸ್ಸಿಗೆ ಗೊಂದಲವಾದ ಒಂದು, ಚೆನ್ನಾಗಿ ಅಂಕ ಬಂದ ಒಂದು. ಮೂರನೆಯದನ್ನು ಬಿಡಬೇಡಿ. ಎದುರಾಳಿ ತಪ್ಪಿದ್ದಕ್ಕೆ ಬಂದ ಅಂಕವೋ ನೀವು ದುಡಿದು ಗಳಿಸಿದ್ದೋ ಅಂತ ತಿಳಿಯಬೇಕು.

ಹ್ಯಾಂಡ್ ರೆಕಾರ್ಡ್ ಶೀಟ್ ತೆರೆಯುವ ಮುಂಚೆ ನಿಮಗೆ ನೆನಪಿರುವುದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ: ಬಿಡ್ಡಿಂಗ್ ಹೇಗೆ ಹೋಯಿತು, ಮೊದಲ ಲೀಡ್ ಏನು, ಯಾವ ಕ್ಷಣದಲ್ಲಿ ಏನು ಯೋಚಿಸಿದೆ. ಆಮೇಲೆ ನಾಲ್ಕೂ ಕೈ ನೋಡಿ. ಕೇಳಿಕೊಳ್ಳಬೇಕಾದ ಪ್ರಶ್ನೆ "ಎಲೆ ಎಲ್ಲಿತ್ತು" ಅಂತಲ್ಲ. "ಆ ಕ್ಷಣದಲ್ಲಿ ನನಗೆ ಗೊತ್ತಾಗಬಹುದಾಗಿದ್ದದ್ದು ಏನು?" ಅಂತ. ಪಕ್ಕದಲ್ಲಿ ಒಂದು ಪದದಲ್ಲಿ ಕಾರಣ ಹಾಕಿ: ಬಿಡ್ಡಿಂಗ್, ಡಿಕ್ಲೇರರ್ ಆಟ, ಲೀಡ್, ಡಿಫೆನ್ಸ್, ಮೈಮರೆವು. ಎರಡು ತಿಂಗಳಾದ ಮೇಲೆ ಆ ಕಾಲಂ ಮೇಲಿಂದ ಕೆಳಗೆ ಓದಿ. ನಿಮ್ಮ ಎರಡು ಬೋರ್ಡ್ ಎಲ್ಲಿ ಹೋಗುತ್ತಿವೆ ಅಂತ ನನಗಿಂತ ಆ ನೋಟ್‌ಬುಕ್ ಚೆನ್ನಾಗಿ ಹೇಳುತ್ತದೆ.

ಒಂದು ಎಚ್ಚರಿಕೆ. ಹ್ಯಾಂಡ್ ರೆಕಾರ್ಡ್ ಕೆಳಗೆ "ಈ ಬೋರ್ಡ್‌ನಲ್ಲಿ ಐದು ಸ್ಪೇಡ್ ಆಗುತ್ತದೆ" ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಬರೆದಿರುತ್ತದೆ. ಅದು ಡಬಲ್ ಡಮ್ಮಿ ಲೆಕ್ಕ, ನಾಲ್ಕೂ ಕೈ ನೋಡಿಕೊಂಡು ಆಡಿದರೆ ಸಿಗುವ ಫಲ. ಒಂಟಿ ರಾಜನನ್ನು ಫಿನೆಸ್ ಮಾಡದೆ ಬೀಳಿಸುವುದು ಕಂಪ್ಯೂಟರ್‌ಗೆ ಸುಲಭ, ಅದಕ್ಕೆ ಎಲೆ ಕಾಣುತ್ತಿದೆ. ಆ ಸಂಖ್ಯೆ ನೋಡಿ ನಿಮ್ಮನ್ನೋ ಪಾರ್ಟ್ನರನ್ನೋ ಬೈದುಕೊಳ್ಳಬೇಡಿ.

ಇದೇ ಕಾರಣಕ್ಕೆ ಕೆಲವು ಸಂಭಾವ್ಯತೆಗಳು ಗೊತ್ತಿರಬೇಕು. ಹೊರಗೆ ಐದು ಎಲೆ ಇದ್ದರೆ 3-2 ಒಡೆಯುವುದು 68 ಪರ್ಸೆಂಟ್, 4-1 ಸುಮಾರು 28. ಆರು ಇದ್ದರೆ 4-2 ಸುಮಾರು 48, 3-3 ಬರೀ 36. ನಾಲ್ಕು ಇದ್ದರೆ 3-1 ಸುಮಾರು 50, 2-2 ಸುಮಾರು 40. ಎಲೆ ಸಮವಾಗಿ ಒಡೆಯುತ್ತದೆ ಅಂತ ಮನಸ್ಸು ಹೇಳುತ್ತದೆ, ಹೊರಗೆ ನಾಲ್ಕೋ ಆರೋ ಎಲೆ ಇದ್ದಾಗ ಹೆಚ್ಚಿನ ಸಲ ಹಾಗಾಗುವುದಿಲ್ಲ. 68 ಪರ್ಸೆಂಟ್ ದಾರಿಯಲ್ಲಿ ಹೋದರೂ ಮೂರು ಸಲದಲ್ಲಿ ಸುಮಾರು ಒಂದು ಸಲ ಸೋಲುತ್ತೀರಿ. ಹಾಗೆ ಸೋತಾಗ ನೋಟ್‌ಬುಕ್‌ನಲ್ಲಿ "ಸರಿಯಾಗಿ ಆಡಿದೆ" ಅಂತಲೇ ಬರೆಯಿರಿ, ಮುಂದಿನ ಸಲವೂ ಹಾಗೇ ಆಡಿ. ಇದಕ್ಕೆ ಮನಸ್ಸು ಒಗ್ಗಿಸಿಕೊಳ್ಳುವುದು ಎಣಿಕೆಗಿಂತಲೂ ಕಷ್ಟ ಅಂತ ನಾನು ಕಂಡಿದ್ದೇನೆ.

ಸಾಧ್ಯವಾದಾಗ ಟೀಮ್ ಆಟವನ್ನೂ ಆಡಿ. ಪೇರ್ಸ್‌ನಲ್ಲಿ 30 ಪಾಯಿಂಟ್‌ನ ಒಂದು ಹೆಚ್ಚುವರಿ ಟ್ರಿಕ್ ಇಡೀ ಬೋರ್ಡ್‌ನ ಹಣೆಬರಹ ಬದಲಿಸುತ್ತದೆ. ಟೀಮ್‌ನಲ್ಲಿ ಅದರ ಬೆಲೆ ಒಂದು ಐಎಂಪಿ (ಟೀಮ್ ಆಟದ ಅಂಕ). ನಾನ್ ವಲ್ನರಬಲ್ (ಸೋತರೆ ದಂಡ ಕಡಿಮೆ ಇರುವ ಸ್ಥಿತಿ) ಆಗಿ ನಾಲ್ಕು ಸ್ಪೇಡ್ ಮಾಡಿದರೆ 420, ಒಂದು ಟ್ರಿಕ್ ಕಡಿಮೆಯಾದರೆ ಮೈನಸ್ 50. ವ್ಯತ್ಯಾಸ 470, ಅಂದರೆ 10 ಐಎಂಪಿ. ಹಾಗಾಗಿ ಟೀಮ್ ಆಡುವಾಗ ಕಾಂಟ್ರಾಕ್ಟ್ ಉಳಿಸುವ ದಾರಿಯೊಂದನ್ನೇ ಹುಡುಕುತ್ತೀರಿ. ಎಣಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಇನ್ನು ನಿಮ್ಮ ಪಾರ್ಟ್ನರ್ ಮಾತು. ಅವರಿಗೂ ಸುಧಾರಿಸುವ ಆಸೆ ಇದೆ, ಅದು ದೊಡ್ಡ ಭಾಗ್ಯ. ಹೊಸ ಸಿಸ್ಟಮ್ ಬೇಡ ಅಂತ ಒಂದೇ ಮಾತಿಗೆ ತಳ್ಳಿಹಾಕಬೇಡಿ. ಮೊದಲು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಈಗಿರುವ ಕನ್ವೆನ್ಷನ್‌ಗಳನ್ನು ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಉತ್ತರದ ನಂತರದ ಬಿಡ್‌ಗಳಿಗೆ ಏನರ್ಥ? ಮಧ್ಯೆ ಎದುರಾಳಿ ಡಬಲ್ ಹೇಳಿದರೆ, ಬಿಡ್ ಹೇಳಿದರೆ ಏನು? ಈ ಕನ್ವೆನ್ಷನ್ ಇಟ್ಟುಕೊಂಡಿದ್ದರಿಂದ ಯಾವ ಸಹಜ ಬಿಡ್ ಕಳೆದುಕೊಂಡೆವು? ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರದೂ ಹೊಂದುವ ಕನ್ವೆನ್ಷನ್ ಮಾತ್ರ ಇಟ್ಟುಕೊಳ್ಳಿ. ಸ್ಟೇಮನ್, ಟ್ರಾನ್ಸ್‌ಫರ್, ಬ್ಲ್ಯಾಕ್‌ವುಡ್, ಟೇಕೌಟ್ ಡಬಲ್, ನೆಗೆಟಿವ್ ಡಬಲ್ ಗಟ್ಟಿಯಾಗಿದ್ದರೆ ಕ್ಲಬ್ ಆಟಕ್ಕೆ ಧಾರಾಳವಾಗಿ ಸಾಕು. ಅರ್ಧಂಬರ್ಧ ನೆನಪಿರುವ ಒಂದು ಕನ್ವೆನ್ಷನ್ ತಿಂಗಳಿಗೆ ಒಂದೇ ಸಲ ಎಡವಿಸಿದರೂ, ಅದರಿಂದ ಬಂದ ಲಾಭವೆಲ್ಲ ಅಲ್ಲಿಗೆ ಹೋಗುತ್ತದೆ.

ಅದೇ ಹಾಳೆಯ ಹಿಂದೆ ಡಿಫೆನ್ಸ್ ಸಿಗ್ನಲ್‌ಗಳನ್ನು ಬರೆಯಿರಿ. ಪಾರ್ಟ್ನರ್ ಲೀಡ್ ಮಾಡಿದಾಗ ದೊಡ್ಡ ಎಲೆ ಹಾಕಿದರೆ "ಮುಂದುವರಿಸಿ" ಅಂತಲೋ? ಡಿಕ್ಲೇರರ್ ಸೂಟ್ ಆಡಿದಾಗ ಎಷ್ಟು ಎಲೆ ಇದೆ ಅಂತ ತೋರಿಸುತ್ತೀರಾ? ಕಟ್ ಮಾಡಿಸಲು ಕೊಡುವ ಎಲೆ ಯಾವ ಸೂಟ್‌ಗೆ ಮರಳಿ ಬಾ ಅನ್ನುತ್ತದೆ? ಈ ಮೂರಕ್ಕೆ ಇಬ್ಬರ ಉತ್ತರವೂ ಒಂದೇ ಆಗಿರಬೇಕು. ಪಾರ್ಟ್ನರ್ ಎಣಿಕೆ ತೋರಿಸಿದರೆ ನಿಮ್ಮ ಎಣಿಕೆ ಅರ್ಧ ಮುಗಿದ ಹಾಗೆ.

ಆಟದ ಮಧ್ಯೆ ಮಾತ್ರ ಚರ್ಚೆ ಬೇಡ. ಎರಡು ಬೋರ್ಡ್ ನಡುವೆ "ಆ ಹಾರ್ಟ್ ಯಾಕೆ ಆಡಿದಿರಿ" ಅಂದರೆ ಮುಂದಿನ ಬೋರ್ಡ್ ಕೂಡ ಹೋಗುತ್ತದೆ. ಬೋರ್ಡ್ ನಂಬರ್ ಗುರುತು ಹಾಕಿಕೊಳ್ಳಿ, ಮಾರನೇ ದಿನ ಕಾಫಿ ಕುಡಿಯುತ್ತಾ ಮಾತಾಡಿ. ಮಾತು ಶುರು ಮಾಡುವುದು "ನಾನು ಹೀಗಂದುಕೊಂಡೆ, ನೀವು?" ಅಂತ ಇರಲಿ.

ಆರು ತಿಂಗಳು ಹೀಗೆ ಆಡಿ ನೋಡಿ. ಆಗಲೂ ಪಾರ್ಟ್ನರ್‌ಗೆ ಹೊಸದು ಬೇಕು ಅನ್ನಿಸಿದರೆ ಒಂದೊಂದಾಗಿ ಸೇರಿಸಿ. ಯಾವುದು ಹೆಚ್ಚು ಸಲ ಬರುತ್ತದೋ ಅದು ಮೊದಲು. ಸ್ಲ್ಯಾಮ್ (ಹನ್ನೆರಡೋ ಹದಿಮೂರೋ ಟ್ರಿಕ್ ಗೆಲ್ಲುವ) ಕೈಗಳು ಸಂಜೆಗೆ ಒಂದೋ ಎರಡೋ ಬರುತ್ತವೆ, ಅವುಗಳ ಕನ್ವೆನ್ಷನ್ ಕಾಯಬಹುದು. ಎರಡೂ ಕಡೆಯವರು ಬಿಡ್ ಹೇಳಿ ಎರಡು, ಮೂರರ ಮಟ್ಟದಲ್ಲಿ ಎಳೆದಾಡುವುದು ಪ್ರತಿ ಸಂಜೆ ಹಲವು ಸಲ ಬರುತ್ತದೆ, ಪೇರ್ಸ್ ಅಂಕ ಅಲ್ಲಿ ಬಹಳ ಓಡಾಡುತ್ತದೆ. ಹಾಗಾಗಿ ಮೊದಲು ಕೂತು ತೀರ್ಮಾನಿಸಬೇಕಾದದ್ದು ಡಬಲ್‌ಗಳ ವಿಷಯ: ನೀವು ಬಿಡ್ ತೆರೆದ ಮೇಲೆ ಎದುರಾಳಿ ನಡುವೆ ಬಂದರೆ ಯಾವ ಮಟ್ಟದ ತನಕ ಪಾರ್ಟ್ನರ್ ಹೇಳುವ ಡಬಲ್ "ಬೇರೆ ಸೂಟ್ ಹೇಳಿ" ಅಂತ, ಯಾವ ಮಟ್ಟದಿಂದ ಮೇಲೆ "ಇಲ್ಲೇ ಬೀಳಿಸೋಣ" ಅಂತ.